ನದಿಗೆ ಬೇರೆ ರೊಕ್ಕ

ಅಕ್ಕೋರು ನನ್ನ ಅಂಗಡಿಗೆ ಬಂದದ್ದು ಓರೆಕೋರೆ ರಸ್ತೆ ಹುಡುಕಿಕೊಂಡು.

ಇಳಕಲ್ಲಿನ ಸೀರೆ ಅಂಗಡಿಗಳ ಸಾಲಿನಲ್ಲಿ, ಒಂದು ಮಹಡಿ ಮೇಲೆ, ನನ್ನ ಕಂಪ್ಯೂಟರ್ ರಿಪೇರಿ ಅಂಗಡಿ ಇದೆ. ಬರುವ ಗಿರಾಕಿಗಳು ಎರಡೇ ತರಹ. ಬಿಲ್ ಪ್ರಿಂಟ್ ಆಗುತ್ತಿಲ್ಲ ಎಂದು ಬರುವ ಸೀರೆ ವ್ಯಾಪಾರಿಗಳು ಒಂದು ಕಡೆ, ಗ್ರಾನೈಟ್ ಫ್ಯಾಕ್ಟರಿಯವರು ಇನ್ನೊಂದು ಕಡೆ. ಫ್ಯಾಕ್ಟರಿಯವರ ಮಷಿನ್ ಬಿಚ್ಚಿದರೆ ಒಳಗೆ ಕಂಪ್ಯೂಟರಿಗಿಂತ ಕಲ್ಲಿನ ಪುಡಿಯೇ ಜಾಸ್ತಿ. ಕಾಲೇಜು ಹುಡುಗರು ಆಗಾಗ ಬಂದು ಗೇಮ್ ಆಡುವ ಮಷಿನ್ನಿನ ರೇಟು ಕೇಳಿ, ಮುಖ ಸಣ್ಣದು ಮಾಡಿಕೊಂಡು ಇಳಿದು ಹೋಗುತ್ತಾರೆ. ಹೀಗಿರುವಾಗ ಬಿಳಿಗೂದಲಿನ ಹೆಣ್ಣುಮಗಳೊಬ್ಬರು ಮೆಟ್ಟಿಲು ಹತ್ತಿ ಬಂದು, ಏದುಸಿರು ಬಿಡುತ್ತ ಮೊಬೈಲಿನಲ್ಲಿ ಒಂದು ಹೊಸ ಗೇಮಿನ ಚಿತ್ರ ತೋರಿಸಿದಾಗ, ಮೊಮ್ಮಗನಿಗೆ ಇರಬೇಕು ಅಂದುಕೊಂಡೆ.

"ಇದರಾಗ ರಸ್ತೆ ಓರೆ ಹಾಕಾಕ ಬರ್ತೈತಂತ. ಖರೇನೋ ತಮ್ಮಾ?" ಅಂದರು.

"ಬರ್ತೈತ್ರಿ. ಹೆಂಗ ಬೇಕಾದ್ರೂ ತಿರುವಬಹುದು. ಯಾರಿಗ್ರಿ ಇದು?"

"ನನಗ. ಹಳೇ ಬಾಗಲಕೋಟ್ಯಾಗ ಒಂದೂ ನೆಟ್ಟಗಿನ ಓಣಿ ಇರಲಿಲ್ಲ."

ಅವರು ಹುನಗುಂದದ ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿ ನಿವೃತ್ತರಾದವರು. ಊರವರೆಲ್ಲ ಕರೆಯುವಂತೆ ನಾನೂ ಅಕ್ಕೋರೇ ಅಂದೆ. ಅವರು ಕೇಳುತ್ತಿದ್ದದ್ದು ಊರು ಕಟ್ಟುವ ಗೇಮು. ಖಾಲಿ ನೆಲ ಕೊಡುತ್ತಾರೆ, ಅದರ ಮೇಲೆ ರಸ್ತೆ ಎಳೆದು, ಮನೆ ಇಟ್ಟು, ನೀರು ಕರೆಂಟು ಹಾಯಿಸಿ ಊರು ಮಾಡಬೇಕು. ಅದರದೇ ಹಳೆಯ ಆವೃತ್ತಿಯೊಂದು ಅವರ ಹತ್ತಿರ ಇತ್ತು, ಹುಬ್ಬಳ್ಳಿಯಲ್ಲಿ ಕೊಂಡ ಸೀಡಿ. ಹಾಕಿದರೆ ಸಾಕು, ಮರುಮಾತಿಲ್ಲದೆ ನಡೆಯುತ್ತಿತ್ತು. ಆದರೆ ಅದರಲ್ಲಿ ರಸ್ತೆಗಳೆಲ್ಲ ಚೌಕ ಚೌಕ. "ಮುಳುಗಡೆಯವರಿಗೆ ಕೊಟ್ಟ ನವನಗರದ ಸೆಕ್ಟರ್ ಕಟ್ಟಾಕ ಅದು ಸಾಕು. ನಮ್ಮ ಹಳೇ ಊರು ಅದರಾಗ ಕುಂದ್ರೂದಿಲ್ಲ," ಅಂದರು. ಆಲಮಟ್ಟಿ ಹಿನ್ನೀರಿನಲ್ಲಿ ಮುಳುಗಿದ ತಮ್ಮ ಓಣಿಯನ್ನು, ನದಿಯ ಘಾಟಿನಿಂದ ಹಿಡಿದು ತಮ್ಮ ಮನೆಯ ಬಾಗಿಲಿನವರೆಗೆ, ಪರದೆಯ ಮೇಲೆ ಕಟ್ಟಬೇಕು ಅನ್ನುವುದು ಅವರ ಆಸೆ.

ಆಸೆಗೆ ಕಾರಣ ಅವರ ಅಣ್ಣ. ಅವರದು ಹಳೇ ಪೇಟೆಯಲ್ಲಿ ಬಳೆ ಅಂಗಡಿ ಇತ್ತಂತೆ, ಎಲ್ಲರೂ ಬಳಿ ಕಾಕಾ ಅನ್ನುತ್ತಿದ್ದರಂತೆ. ಮುಳುಗಡೆ ನೋಟಿಸು ಬಂದಮೇಲೆ ಅಂಗಡಿ ಮುಚ್ಚಿ, ತಂಗಿ ನೌಕರಿ ಮಾಡುತ್ತಿದ್ದ ಹುನಗುಂದಕ್ಕೆ ಬಂದವರು ಮತ್ತೆ ಅಂಗಡಿ ಇಡಲಿಲ್ಲ. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಪ್ರತಿವರ್ಷ ಬಾಗಲಕೋಟೆಗೆ ಹೋಗಿ ದಂಡೆ ಮೇಲೆ ನಿಂತು, ಮೇಲೆದ್ದ ಮನೆಗಳ ತಳಪಾಯ ನೋಡಿ ಬರುತ್ತಿದ್ದರು. ಹೋದ ಬೇಸಿಗೆಯಲ್ಲಿ ಹೋದಾಗ ತಳಪಾಯ ಯಾವುದು ನೀರು ಯಾವುದು ತಿಳಿಯಲಿಲ್ಲ. ಬಾಗಲಕೋಟೆಯ ಕಣ್ಣಿನ ಡಾಕ್ಟರು ನರ ಒಣಗುತ್ತಿದೆ ಅಂದರು. ಸುತ್ತಲಿನದೆಲ್ಲ ಕತ್ತಲಾಗಿ, ನಡುವೆ ಕೊಳವೆಯೊಳಗಿಂದ ನೋಡಿದಷ್ಟು ಮಾತ್ರ ಉಳಿದಿತ್ತು. ಅದೂ ಸಣ್ಣದಾಗುತ್ತ ಹೋಗುತ್ತದೆ, ಎಷ್ಟು ದಿನ ಇರುತ್ತದೆ ಹೇಳಲಾಗುವುದಿಲ್ಲ ಅಂದಿದ್ದರು.

"ಅದು ಮುಚ್ಚೂದ್ರೊಳಗ ಅಂವ ಒಮ್ಮೆ ಓಣಿ ನೋಡ್ಬೇಕು. ಅಷ್ಟ," ಅಂದರು ಅಕ್ಕೋರು.

ನಾನು ಮಷಿನ್ ಕಟ್ಟಲು ಒಪ್ಪಿಕೊಂಡೆ. ಮಷಿನ್ ಕಟ್ಟುವುದು ಕಷ್ಟವಲ್ಲ. ಕಷ್ಟ ಶುರುವಾದದ್ದು ಗೇಮಿನ ಬೆಲೆ ನೋಡಿದಾಗ. ಹಿಂದೆಲ್ಲ ನಮ್ಮ ದೇಶದ ಜೇಬು ನೋಡಿ ಇಲ್ಲಿಗೆ ಕಡಿಮೆ ಬೆಲೆ ಇಡುತ್ತಿದ್ದರು. ಈಗ ಡಾಲರನ್ನು ಸೀದಾ ರೂಪಾಯಿಗೆ ತಿರುಗಿಸಿ ಇಟ್ಟಿದ್ದಾರೆ. ನನ್ನ ಅಂಗಡಿಯ ಕೆಳಗೆ ಅದೇ ಬೆಲೆಗೆ ಒಳ್ಳೆಯ ಇಳಕಲ್ ಸೀರೆ ಬರುತ್ತದೆ, ಟೋಪ ತೆನಿ ಸೆರಗಿನದು. ಸೀರೆಯಾದರೆ ಉಡಬಹುದು, ಮಗಳಿಗೆ ಕೊಡಬಹುದು, ಹಳತಾದರೆ ಕೌದಿ ಹೊಲಿಯಬಹುದು. ಈ ಗೇಮನ್ನು ಯಾರಿಗೂ ಕೊಡುವಂತಿಲ್ಲ, ಮಾರುವಂತಿಲ್ಲ, ಎರವಲು ಒಯ್ಯುವಂತಿಲ್ಲ. ಡಬ್ಬಿಯಾದರೂ ಬರಲಿ ಎಂದು ಹುಬ್ಬಳ್ಳಿಯಿಂದ ತರಿಸಿದರೆ ಡಬ್ಬಿಯೊಳಗೆ ಸೀಡಿ ಇಲ್ಲ, ಒಂದು ಚೀಟಿ ಮೇಲೆ ಅಂಕಿ ಅಕ್ಷರ. ಅಕ್ಕೋರು ಡಬ್ಬಿ ಅಲ್ಲಾಡಿಸಿ ನೋಡಿದರು. "ಖಾಲಿ ಡಬ್ಬಿಗೆ ಇಷ್ಟು ರೊಕ್ಕ ಕೊಟ್ಟದ್ದು ಗೊತ್ತಾದ್ರ ಅಣ್ಣ ನಗ್ತಾನ," ಅಂದರು.

ಚೀಟಿಯ ಅಕ್ಷರ ತುಂಬಿ, ಅವರ ಹೆಸರಲ್ಲಿ ಖಾತೆ ತೆರೆದು, ಇಡೀ ಗೇಮು ಇಳಿಸಿಕೊಂಡ ಮೇಲೆ ಇನ್ನೊಂದು ಗೊತ್ತಾಯಿತು. ಓರೆ ರಸ್ತೆ ಇತ್ತು. ಆದರೆ ದಂಡೆ ಕಟ್ಟಿದ ನದಿ, ಕಲ್ಲು ಮೆಟ್ಟಿಲು, ಘಾಟು ಇವೆಲ್ಲ ಬೇರೆ ಗಂಟು. ಅದಕ್ಕೆ ಬೇರೆ ಬೆಲೆ. ನಾನು ನಾಚಿಕೊಂಡೇ ಹೇಳಿದೆ.

"ನದಿಗೆ ಬ್ಯಾರೆ ರೊಕ್ಕಾ?"

"ಹೌದ್ರಿ ಅಕ್ಕೋರ."

ಅವರು ನಕ್ಕರು. "ಆವಾಗ ನಮ್ಮ ಊರು ತಗೊಂಡು ನೀರು ಪುಗಸಟ್ಟೆ ಕೊಟ್ಟಿದ್ರು. ಇವರು ಊರು ಕೊಟ್ಟು ನೀರಿಗೆ ರೊಕ್ಕ ಕೇಳ್ತಾರ. ಇರಲಿ, ಕೊಡು. ಘಾಟ್ ಇಲ್ಲದ ಊರು ಏನು ಮಾಡೂದೈತಿ."

ಬಾಗಲಕೋಟೆಯ ನವನಗರದಲ್ಲಿ ನನ್ನದೇ ದಂಧೆಯ ಗೆಳೆಯನೊಬ್ಬ ಇದ್ದಾನೆ. ನದಿಯ ರೊಕ್ಕ ಕಟ್ಟುವ ಮೊದಲು, ಪಾರ್ಟ್ ತರಲು ಹೋದಾಗ ಅವನಿಗೆ ಈ ಕತೆ ಹೇಳಿದೆ. "ಹುಚ್ಚ ಅದಿ ಏನ್ಲೇ? ಆ ಗೇಮಿನ ಬೀಗ ಒಡದ ಕಳ್ಳ ಕಾಪಿ ನನ್ನ ಪೆನ್ ಡ್ರೈವ್‌ನಾಗ ಐತಿ. ನದಿ, ಸೇತುವೆ, ಎಲ್ಲಾ ಸೇರಿ. ಒಂದು ಚಾ ಕುಡಿಸು, ಒಯ್ಯಿ," ಅಂದ. ನಾನು ಆ ಮಾತನ್ನು ಅಕ್ಕೋರಿಗೆ ಮುಟ್ಟಿಸಿದೆ. ಗಿರಾಕಿಗೆ ಉಳಿತಾಯದ ದಾರಿ ಮುಚ್ಚಿಡಬಾರದು ಅಂತ ಅಷ್ಟೇ. ಅವರದು ಶರಣರ ಮನೆತನ. ಮುಖ ಗಂಟು ಹಾಕಿದರು. "ಕದ್ದ ಕಲ್ಲಿಲೆ ಮನಿ ಕಟ್ಟಬಾರದು ಅಂತಿದ್ದ ನಮ್ಮಪ್ಪ. ಆ ಮನಿನ ಕಟ್ಟಾಕತ್ತೇನಿ. ಅದಕ್ಕ ಕದ್ದ ಕಲ್ಲು ಹೆಂಗ ತರ್ಲಿ?" ಆ ಮಾತು ಮತ್ತೆ ಎತ್ತಲಿಲ್ಲ.

ಮಷಿನ್ನನ್ನು ಹುನಗುಂದದ ಅವರ ಮನೆಯಲ್ಲಿ, ಬೇವಿನ ಗಿಡದ ಕಡೆ ಕಿಟಕಿ ಇರುವ ಕೋಣೆಯಲ್ಲಿ ಇಟ್ಟೆ. ಕಾಕಾನ ಮಂಚ ಅದೇ ಕೋಣೆಯಲ್ಲಿತ್ತು. ಗೇಮು ಶುರುವಾಗುವ ಮೊದಲು ಪ್ರತಿಸಲ ಇಂಟರ್‌ನೆಟ್ಟಿನಲ್ಲಿ ಕಂಪನಿಯ ಕಂಪ್ಯೂಟರಿಗೆ ಹೋಗಿ, ಇವರು ಕೊಂಡವರೇ ಹೌದಾ, ಇದು ಅದೇ ಮಷಿನ್ನಾ ಎಂದು ಕೇಳಿ ಬರಬೇಕು. ರಸ್ತೆ ಅಗೆದವರು ಅವರ ಓಣಿಯ ಕೇಬಲ್ ಕಡಿದಿದ್ದರು. ಮೊಬೈಲನ್ನು ಕಿಟಕಿಯ ಕಟ್ಟೆ ಮೇಲೆ ಇಟ್ಟು ಅದರ ನೆಟ್ ಕೊಡಬೇಕಾಗುತ್ತಿತ್ತು. ಪರದೆ ಮೇಲೆ ಚಕ್ರ ಗರಗರ ತಿರುಗುತ್ತಿತ್ತು. ಒಮ್ಮೊಮ್ಮೆ ಅಕ್ಕೋರು ಚಹಾ ಮಾಡಿ, ಕುಡಿದು, ಕಪ್ಪು ತೊಳೆದಿಟ್ಟು ಬಂದರೂ ತಿರುಗುತ್ತಲೇ ಇರುತ್ತಿತ್ತು.

"ನಾ ಇಷ್ಟು ವರ್ಷ ಸಾಲಿ ಕಲಿಸಿದ್ನಿ, ಹಾಜರಿ ಒಮ್ಮೆ ತಗೋತಿದ್ನಿ. ಇದು ಎದ್ದು ಕುಂತ್ರ ಹಾಜರಿ ತಗೋತೈತಿ," ಅನ್ನುತ್ತಿದ್ದರು.

ಬೀಗ ಹಾಕುವುದು ಕಳ್ಳನಿಗೆ, ಒಪ್ಪೋಣ. ಆದರೆ ಕಳ್ಳ ಬೀಗ ಒಡೆದು ಒಳಗೆ ಹೋಗಿ, ಉಂಡು, ಮಲಗಿದ ಮೇಲೂ ಮನೆಯ ಯಜಮಾನ ದಿನಾ ಹೊರಗೆ ನಿಂತು ಹೆಸರು ಕೂಗಿ ಹೇಳಬೇಕೆಂದರೆ ಅದು ಯಾವ ಸೀಮೆಯ ಬೀಗ? ನನಗೆ ಆಗಲೇ ಸಿಟ್ಟು ಬಂದಿತ್ತು.

ಊರು ಮಾತ್ರ ಏಳತೊಡಗಿತು. ಕಾಕಾ ಮಂಚದ ಮೇಲೆ ಕಣ್ಣುಮುಚ್ಚಿ ಕೂತು ಹೇಳುತ್ತಿದ್ದರು, ಅಕ್ಕೋರು ಮೌಸ್ ಹಿಡಿದು ಎಳೆಯುತ್ತಿದ್ದರು. ಏನಾದರೂ ಅಡಚಣೆ ಬಂದಾಗ ನಾನು ಹೋಗುತ್ತಿದ್ದೆ. ಅಡಚಣೆ ಇಲ್ಲದಾಗಲೂ ಹೋಗುತ್ತಿದ್ದೆ, ಖರೆ ಹೇಳಬೇಕೆಂದರೆ.

"ಘಾಟಿನ ಮೆಟ್ಟಲಾ ಹತ್ತಿ ಬಂದ್ರ ಎಡಕ್ಕ ಗಿರಣಿ. ಅಲ್ಲಿಂದ ಓಣಿ ಸಣ್ಣದಾಗ್ತೈತಿ. ಎರಡು ಚಕ್ಕಡಿ ಎದರಾಬದರಾ ಆದ್ರ ಒಂದು ಹಿಂದ ಸರೀಬೇಕು."

"ಬಾವಿ ಬಲಕ್ಕ ಅಲ್ಲೇನ್ ಅಣ್ಣಾ?"

"ನಿನಗೇನ್ ಗೊತ್ತ. ನೀ ನೀರಿಗೆ ಹೋಗಾಕ ಬ್ಯಾಸರ ಮಾಡ್ತಿದ್ದಿ. ಎಡಕ್ಕ."

ಬಾವಿಯ ಬಗ್ಗೆ ಅಣ್ಣತಂಗಿ ಒಂದು ವಾರ ಜಗಳಾಡಿದರು. ಕೊನೆಗೆ ಎಡಕ್ಕೇ ಇಟ್ಟರು. ಆದರೆ ಕಾಕಾ ಒಮ್ಮೆಯೂ ಪರದೆ ನೋಡಲಿಲ್ಲ. ಬಾ ಅಂದರೆ ಬೇಡ ಅನ್ನುತ್ತಿದ್ದರು. ಪರದೆಯ ಬೆಳಕಿಗೆ ಕಣ್ಣಲ್ಲಿ ನೀರು ಸುರಿದು ಆಮೇಲೆ ಅರ್ಧ ದಿನ ಏನೂ ಕಾಣುತ್ತಿರಲಿಲ್ಲವಂತೆ. "ಇದ್ದಷ್ಟು ಬೆಳಕು ಸುಮ್ನ ಖರ್ಚು ಮಾಡೂದು ಬ್ಯಾಡ. ನಮ್ಮ ಮನಿ ಕಡೀಗ ಕಟ್ಟು. ಎಲ್ಲಾ ಆದಮ್ಯಾಲ ಒಮ್ಮೆಲೇ ನೋಡ್ತೇನಿ," ಅಂದಿದ್ದರು. ಹೊಸ ಅರಿವೆಯನ್ನು ಹಬ್ಬಕ್ಕೇ ಉಡುವುದು ಎಂದು ಟ್ರಂಕಿನಲ್ಲಿ ಇಡುವ ಮಂದಿ ನಾವು. ನನಗೂ ಅದು ಸರಿ ಅನ್ನಿಸಿತು.

ಬಿಸಿಲು ಏರಿದಂತೆ ಮಷಿನ್ ನಡುನಡುವೆ ಫಕ್ಕನೆ ಆರತೊಡಗಿತು. ಬೇರೆ ಕೆಲಸಕ್ಕೆ ಏನೂ ಆಗುತ್ತಿರಲಿಲ್ಲ, ಗೇಮು ನಡೆಯುವಾಗ ಮಾತ್ರ ಆರುತ್ತಿತ್ತು. ಆಗ ಓಣಿ ಕಾಕಾನ ಮನೆಯ ತಿರುವಿಗೆ ಬಂದು ನಿಂತಿತ್ತು. ಇನ್ನು ಉಳಿದದ್ದು ಮನೆ, ಅದರ ಮುಂದಿನ ಕಟ್ಟೆ, ಒಂದು ಹುಣಸೆ ಗಿಡ. ನಾನು ಮಷಿನ್ನನ್ನು ಬಾಡಿಗೆ ಕಾರಿನಲ್ಲಿ ಹಾಕಿಕೊಂಡು ಇಳಕಲ್ಲಿಗೆ ತಂದೆ. ಬಿಚ್ಚುವ ಮೊದಲು ಅವರ ಊರಿನ ಫೈಲನ್ನು ಬೇರೆ ಕಡೆ ಕಾಪಿ ಮಾಡಿಟ್ಟೆ. ಅದು ನನ್ನ ರೂಢಿ.

ನಮ್ಮ ಕಡೆ ರಿಪೇರಿ ಹೇಗೆ ನಡೆಯುತ್ತದೆ ಅಂತ ಇಲ್ಲಿ ಹೇಳಬೇಕು. ದೊಡ್ಡ ಊರಿನಲ್ಲಿ ಪರೀಕ್ಷೆ ಮಾಡುವ ಯಂತ್ರ ಇರುತ್ತದೆ, ಇಲ್ಲವೇ ಹೊಸ ಪಾರ್ಟ್ ತಂದು ಹಾಕುತ್ತಾರೆ. ನಾವು ಎರವಲಿನ ಮೇಲೆ ಬದುಕುವವರು. ಒಂದು ಮಷಿನ್ ಆರುತ್ತಿದೆ ಅಂದರೆ ಪಕ್ಕದ ಮಷಿನ್ನಿನ ರ‍್ಯಾಮ್ ತೆಗೆದು ಇದಕ್ಕೆ ಹಾಕಿ ನೋಡುತ್ತೇವೆ. ಅದಲ್ಲವಾದರೆ ಪರದೆಗೆ ಚಿತ್ರ ಕಳಿಸುವ ಕಾರ್ಡ್, ಅದೂ ಅಲ್ಲವಾದರೆ ಎಲ್ಲವನ್ನೂ ಕೂಡಿಸುವ ಬೋರ್ಡು. ಯಾವುದನ್ನು ಬದಲಿಸಿದಾಗ ರೋಗ ಬಿಟ್ಟಿತೋ ಅದೇ ಕೆಟ್ಟದ್ದು. ಈ ಜಿಲ್ಲೆಯ ರಿಪೇರಿ ಅಂಗಡಿಗಳೆಲ್ಲ ನಡೆಯುವುದು ಹೀಗೆಯೇ. ನಾನೂ ಹಾಗೆಯೇ ಮಾಡಿದೆ. ಪುಡಿ ಊದಿ ತೆಗೆದೆ, ಪ್ರೊಸೆಸರಿಗೆ ಬಿಸಿ ಇಳಿಸುವ ಹೊಸ ಪೇಸ್ಟ್ ಹಚ್ಚಿದೆ, ರ‍್ಯಾಮ್ ಬದಲಿಸಿದೆ. ಆರುವುದು ಗೇಮಿನಲ್ಲಿ ಮಾತ್ರವಾದ್ದರಿಂದ ಪ್ರತಿ ಬದಲಿಗೂ ಗೇಮು ತೆರೆದೇ ನೋಡಬೇಕು. ತೆರೆದಾಗಲೆಲ್ಲ ಅಕ್ಕೋರ ಮೊಬೈಲಿಗೆ ಓಟಿಪಿ ಹೋಗುತ್ತಿತ್ತು. ನಾನು ಫೋನ್ ಮಾಡುತ್ತಿದ್ದೆ, ಅವರು ಕ್ಲಾಸಿನಲ್ಲಿ ಮಗ್ಗಿ ಹೇಳಿಕೊಟ್ಟಂತೆ ಒಂದೊಂದೇ ಅಂಕಿ ಬಿಡಿಸಿ ಹೇಳುತ್ತಿದ್ದರು.

ಗ್ರಾನೈಟ್ ಫ್ಯಾಕ್ಟರಿಯೊಂದರ ಮಷಿನ್ ರಿಪೇರಿಗೆ ಬಂದಿತ್ತು. ಅದರ ಕಾರ್ಡ್ ಹಾಕಿ ನೋಡಿದೆ, ಆರಿತು. ಸೀರೆ ಅಂಗಡಿಯ ಮಷಿನ್ನಿನ ಬೋರ್ಡು, ಪ್ರೊಸೆಸರು ಹಾಕಿ ನೋಡಿದೆ, ಆಗಲೂ ಆರಿತು. ಕೊನೆಗೆ ಕರೆಂಟು ಹಂಚುವ ಎಸ್‌ಎಂಪಿಎಸ್ ಡಬ್ಬಿ ಬದಲಿಸಿದೆ, ನಿಂತಿತು. ರೋಗ ಸಿಕ್ಕಿತು ಎಂದು ಖುಷಿಯಿಂದ ಎಲ್ಲ ಪಾರ್ಟನ್ನೂ ಅದರದರ ಜಾಗಕ್ಕೆ ವಾಪಸ್ ಹಾಕಿ, ಹೊಸ ಡಬ್ಬಿ ಕೂಡಿಸಿ, ಕಡೆಯ ಸಲ ನೋಡೋಣ ಎಂದು ಗೇಮು ಒತ್ತಿದೆ. ಚಕ್ರ ತಿರುಗಿ ಒಂದು ಸಾಲು ಬಂತು. ಈ ಖಾತೆಯನ್ನು ಮಿತಿಗಿಂತ ಹೆಚ್ಚು ಕಂಪ್ಯೂಟರುಗಳಲ್ಲಿ ಬಳಸಲಾಗಿದೆ, ನಂತರ ಪ್ರಯತ್ನಿಸಿ.

ಮೊದಲು ನಂಬಲಿಲ್ಲ. ಆಮೇಲೆ ಇಂಟರ್‌ನೆಟ್ಟಿನಲ್ಲಿ ಓದಿ ತಿಳಿದುಕೊಂಡೆ. ಈ ಬೀಗ ಮಷಿನ್ನಿನ ಒಳಗಿನ ಅಂಗಾಂಗ ನೋಡಿ ಗುರುತು ಇಟ್ಟುಕೊಳ್ಳುತ್ತದೆ. ಕಾರ್ಡ್ ಬದಲಾದರೆ ಅದರ ಲೆಕ್ಕದಲ್ಲಿ ಅದು ಇನ್ನೊಂದು ಕಂಪ್ಯೂಟರ್. ಬೋರ್ಡು ಬದಲಾದರೆ ಮತ್ತೊಂದು. ನಾನು ಒಂದೇ ಮೇಜಿನ ಮೇಲೆ ಒಂದೇ ಮಷಿನ್ ಇಟ್ಟುಕೊಂಡು ಕೂತಿದ್ದೆ. ಎಲ್ಲೋ ಕೂತ ಕಂಪನಿಯ ಕಂಪ್ಯೂಟರಿಗೆ ಕಂಡದ್ದು, ಒಬ್ಬ ಹೆಣ್ಣುಮಗಳು ತನ್ನ ಗೇಮನ್ನು ಊರ ತುಂಬ ಹಂಚುತ್ತಿರುವುದು.

ಮರುದಿನದವರೆಗೆ ಕಾದು, ಮಷಿನ್ನನ್ನು ಹುನಗುಂದಕ್ಕೆ ಒಯ್ದು ಅವರ ಎದುರಿಗೇ ತೆರೆದೆ. ಈ ಸಲ ನಂತರ ಪ್ರಯತ್ನಿಸಿ ಎಂದೂ ಇರಲಿಲ್ಲ. ಖಾತೆಯನ್ನೇ ತಡೆಹಿಡಿದಿದ್ದರು. ಕಾಕಾ ಮಂಚದ ಮೇಲಿಂದ ಕೇಳಿದರು.

"ಬಂತೇನೋ ಊರು?"

ನಾನು ಬಾಯಿ ತೆರೆಯುವುದರೊಳಗೆ ಅಕ್ಕೋರು ಕೈ ಅಡ್ಡ ಮಾಡಿದರು. "ಬಂದೈತಿ ಅಣ್ಣಾ. ಸ್ವಲ್ಪ ಕೆಲಸ ಉಳದೈತಿ," ಅಂದರು. ನನ್ನನ್ನು ಹೊರಗೆ ಕಟ್ಟೆಗೆ ಕರೆದುಕೊಂಡು ಹೋಗಿ, "ಅಂವಗ ಹೇಳಬ್ಯಾಡ. ಏನ್ ಮಾಡ್ಬೇಕೋ ಮಾಡು," ಅಂದರು.

ಮಾಡಬೇಕಾದದ್ದು ಕಂಪನಿಗೆ ಬರೆಯುವುದು. ಬರೆದೆ. ಮೊದಲ ಉತ್ತರ ಕ್ಷಣದಲ್ಲಿ ಬಂತು, ಯಂತ್ರ ಬರೆದದ್ದು, ನಿಮ್ಮ ತೊಂದರೆಗೆ ವಿಷಾದ ಎಂದು. ಎರಡನೆಯದೂ ಅದೇ. ರಿಪೇರಿ ಹೇಗೆ ಮಾಡಿದೆ, ಯಾಕೆ ಪಾರ್ಟ್ ಬದಲಿಸಿದೆ ಎಂದು ನನಗೆ ಬಂದ ಇಂಗ್ಲಿಷಿನಲ್ಲಿ ವಿವರಿಸಿದೆ, ಬಿಚ್ಚಿದ ಮಷಿನ್ನಿನ ಫೋಟೋ ಹಚ್ಚಿದೆ. ಈಗ ಹಿಂತಿರುಗಿ ನೋಡಿದರೆ ಆ ಫೋಟೋದಲ್ಲಿ ನಾಕು ಮಷಿನ್ನು ಬಾಯ್ತೆರೆದು ಬಿದ್ದಿದ್ದವು, ಕಳ್ಳಮಾಲಿನ ಕೋಣೆಯಂತೆಯೇ ಕಾಣುತ್ತಿತ್ತು. ವಾರಗಟ್ಟಲೆ ಕಾದ ಮೇಲೆ ಮನುಷ್ಯ ಬರೆದಂತಿದ್ದ ಉತ್ತರ ಬಂತು. ಖಾತೆಯ ವಿವರವನ್ನು ಬೇರೆಯವರಿಗೆ ಕೊಟ್ಟದ್ದು ನಿಯಮದ ಉಲ್ಲಂಘನೆ. ಖಾತೆ ಶಾಶ್ವತವಾಗಿ ಮುಚ್ಚಿದೆ. ಅದರಲ್ಲಿ ಇಟ್ಟದ್ದು ಮರಳಿ ಸಿಗುವುದಿಲ್ಲ. ಇದೇ ಕೊನೆಯ ತೀರ್ಮಾನ.

ಬೇರೆಯವರು ಅಂದರೆ ನಾನು. ರಿಪೇರಿಯವನಿಗೆ ಓಟಿಪಿ ಹೇಳುವುದು ಉಲ್ಲಂಘನೆಯಾದರೆ ನಮ್ಮ ಜಿಲ್ಲೆಯಲ್ಲಿ ಒಂದು ಖಾತೆಯೂ ಉಳಿಯಬಾರದು. ಮತ್ತೊಮ್ಮೆ ಕೊಳ್ಳೋಣವೇ ಎಂದು ಕೇಳಿದೆ, ಈ ಸಲದ ಖರ್ಚು ನನ್ನದು ಅಂದೆ. ಹೊಸ ಖಾತೆಯಲ್ಲಿ ಹಳೆಯ ಊರು ತೆರೆಯುವುದಿಲ್ಲ, ಫೈಲಿಗೆ ಹಳೆಯ ಖಾತೆಯದೇ ಗಂಟು ಬಿದ್ದಿದೆ ಎಂದು ಗೊತ್ತಾದ ಮೇಲೆ ಆ ಮಾತೂ ಬಿದ್ದುಹೋಯಿತು.

ಈ ನಡುವೆ ಕಾಕಾನ ಕೊಳವೆ ಸಣ್ಣದಾಗುತ್ತಿತ್ತು. ಒಂದು ದಿನ ಹೋದಾಗ ಅವರು ಚಹಾದ ಕಪ್ಪಿಗೆ ಕೈಚಾಚಿ ಬಸಿಯ ಪಕ್ಕದ ಗಾಳಿಯನ್ನು ಹಿಡಿದರು. ಇನ್ನೊಂದು ದಿನ ಬಾಗಿಲು ಎಂದು ಗೋಡೆಗೆ ಹೋದರು. ಹಣೆಗೆ ಪೆಟ್ಟು ಬಿದ್ದಿತ್ತು. ಆದರೂ ಊರಿನ ವಿಚಾರ ಬಿಡುತ್ತಿರಲಿಲ್ಲ. "ಹುಣಸಿ ಗಿಡ ನಮ್ಮ ಕಟ್ಟಿಗೆ ಹತ್ತಿ ಇರ್ಬೇಕು, ದೂರ ಇಡಬ್ಯಾಡ," ಅನ್ನುತ್ತಿದ್ದರು. ಅಕ್ಕೋರು ಆರಿದ ಪರದೆಯ ಮುಂದೆ ಕೂತು ಮೌಸ್ ಟಕಟಕ ಒತ್ತುತ್ತ, "ಹ್ಞೂಂ, ಹತ್ತಿ ಇಟ್ಟೇನಿ," ಅನ್ನುತ್ತಿದ್ದರು. ಆ ಸದ್ದು ಕೇಳಲಾರದೆ ನಾನು ಎದ್ದು ಬಂದುಬಿಟ್ಟೆ.

ಅದಾದ ಮೇಲೆ ಅವರೇ ಫೋನ್ ಮಾಡಿದರು.

"ತಮ್ಮಾ, ನಿನ್ನ ಗೆಳ್ಯಾನ ಕಡೆ ಐತಿ ಅಂದಿದ್ದೆಲ್ಲ. ಅದನ್ನ ತಾ."

"ಅಕ್ಕೋರ, ನೀವು ಬ್ಯಾಡ ಅಂದಿದ್ರಿ."

"ಹೌದು, ಅಂದಿದ್ನಿ. ನಮ್ಮಪ್ಪ ಸತ್ತು ಭಾಳ ವರ್ಷ ಆತು. ಅಣ್ಣ ಇನ್ನೂ ಅದಾನ. ತಾ."

ಬೆಳಗಿನ ಬಸ್ಸಿಗೆ ಬಾಗಲಕೋಟೆಗೆ ಹೋದೆ. ಗೆಳೆಯ ನನ್ನ ಮುಖ ನೋಡಿ ಚೇಷ್ಟೆ ಮಾಡಬೇಕೆಂದವನು ಅರ್ಧಕ್ಕೆ ನಿಲ್ಲಿಸಿದ. ಪೆನ್ ಡ್ರೈವ್ ಕೈಗೆ ಕೊಡುತ್ತ, "ಕೊಟ್ಟವ ಕೋಡಂಗಿ, ಇಸ್ಕೊಂಡವ ಈರಭದ್ರ ಅಂತಾರ. ಆ ಅಕ್ಕೋರು ಕೊಟ್ಟರು, ಆ ಕಂಪನಿ ಇಸ್ಕೊಂತು. ಇನ್ನ ಏನ್ ಮಾತಾಡ್ತಿ," ಅಂದ. ಚಹಾ ಅವನೇ ಕುಡಿಸಿದ.

ಮಧ್ಯಾಹ್ನ ಹುನಗುಂದದಲ್ಲಿ ಇಳಿದು ಸೀದಾ ಅವರ ಮನೆಗೆ ಹೋದೆ. ಕಾಕಾ ಮಲಗಿದ್ದರು. ಪೆನ್ ಡ್ರೈವ್ ಹಾಕಿ, ಕಾಪಿ ಮಾಡಿ, ಒತ್ತಿದೆ. ಚಕ್ರ ತಿರುಗಲಿಲ್ಲ. ಓಟಿಪಿ ಬರಲಿಲ್ಲ. ಮೊಬೈಲು ಕಿಟಕಿಯ ಕಟ್ಟೆ ಮೇಲೆ ಸುಮ್ಮನೆ ಬಿದ್ದಿತ್ತು. ಕದ್ದ ಗೇಮು ಕಣ್ಣು ಮಿಟುಕಿಸುವುದರೊಳಗೆ ತೆರೆಯಿತು. ನದಿ, ಘಾಟು, ಕಲ್ಲು ಮೆಟ್ಟಿಲು, ಅಕ್ಕೋರು ಬೇರೆ ರೊಕ್ಕ ಕೊಟ್ಟು ಕೊಂಡದ್ದೆಲ್ಲ ಅದರಲ್ಲಿ ಪುಗಸಟ್ಟೆ ಇತ್ತು. ಅಕ್ಕೋರು ಅದನ್ನು ನೋಡಿ, ಸೆರಗಿನಿಂದ ಪರದೆಯ ಧೂಳು ಒರೆಸಿದರು.

ಬೀಗ ಒಡೆದದ್ದಕ್ಕೆ ಖಾತೆಯ ಹಂಗಿಲ್ಲ, ಇದರಲ್ಲಾದರೂ ತೆರೆದೀತು ಎಂದು, ಕಾಪಿ ಮಾಡಿಟ್ಟಿದ್ದ ಊರಿನ ಫೈಲನ್ನು ಅದರ ಜಾಗದಲ್ಲಿ ಇಟ್ಟೆ. ಪಟ್ಟಿಯಲ್ಲಿ ಹೆಸರು ಕಾಣಿಸಿತು. ಅಕ್ಕೋರು ಇಟ್ಟ ಹೆಸರು, ಹಳೇ ಓಣಿ ಅಂತ. ಒತ್ತಿದರೆ ತೆರೆಯಲಿಲ್ಲ. ಹೆಸರು ಮಸುಕಾಗಿಯೇ ನಿಂತಿತ್ತು. ಗೆಳೆಯ ಕೊಟ್ಟದ್ದು ಹಳೆಯ ಆವೃತ್ತಿ. ಅಕ್ಕೋರದು ಕೊಂಡದ್ದಾದ್ದರಿಂದ ತಾನೇ ಹೊಸದಾಗುತ್ತ ಹೋಗಿತ್ತು, ಹೊಸದರ ಫೈಲು ಹಳೆಯದಕ್ಕೆ ಓದಲು ಬರುವುದಿಲ್ಲ. ಹೊಸದರ ಬೀಗ ಇನ್ನೂ ಯಾರೂ ಒಡೆದಿರಲಿಲ್ಲ. ಒಡೆದಿದ್ದರೂ ಖಾತೆಯ ಗಂಟು ಬಿಚ್ಚಬೇಕಿತ್ತು. ಫೈಲಿನ ಹೆಸರು ಬದಲಿಸಿದೆ, ಬೇರೆ ಫೋಲ್ಡರಿಗೆ ಹಾಕಿದೆ, ಗೆಳೆಯನಿಗೆ ಫೋನ್ ಮಾಡಿ ಅವನು ಹೇಳಿದ್ದೆಲ್ಲ ಮಾಡಿದೆ. ಬಿಸಿಲು ಕಿಟಕಿಯಿಂದ ನೆಲಕ್ಕೆ, ನೆಲದಿಂದ ಗೋಡೆಗೆ ಸರಿಯಿತು. ಕೊನೆಗೆ ಮೌಸ್ ಬಿಟ್ಟು ಹಿಂದಕ್ಕೆ ಒರಗಿದೆ.

"ಹೊಸದಾಗಿ ಕಟ್ಟೋಣೇನ್ರಿ ಅಕ್ಕೋರ? ನಾನೂ ಕುಂದರ್ತೇನಿ. ಬರೀ ನಿಮ್ಮ ಮನಿ, ಒಂದು ಗಿಡ, ಅಷ್ಟರ ಕಟ್ಟೋಣು."

"ಕಟ್ಟಬಹುದು," ಅಂದರು. "ಅಷ್ಟು ಬೆಳಕು ಉಳದಿಲ್ಲ ಅಂವಗ."

ಆದರೂ ಅವರು ಹೊಸ ಊರು ಅನ್ನುವುದನ್ನು ಒತ್ತಿದರು. ಖಾಲಿ ನೆಲ ಬಂತು, ನಡುವೆ ನದಿ. ನದಿ ಹತ್ತಿರದಿಂದ ಕಾಣಲಿ ಎಂದು ಅವರು ಮೌಸಿನ ಗಾಲಿ ತಿರುಗಿಸಿದಾಗ ಪರದೆಯ ತುಂಬ ನೀರು ತುಂಬಿಕೊಂಡಿತು, ಸ್ಪೀಕರಿನಿಂದ ನೀರಿನ ಸಪ್ಪಳ ಬಂತು. ಅಷ್ಟಕ್ಕೆ ಮಂಚ ಕಿರ್ ಅಂದಿತು. ಕಾಕಾ ಎದ್ದು ಕೂತಿದ್ದರು.

"ಘಾಟಿನ ಸಪ್ಪಳ ಅಲ್ಲೇನು ಅದು? ಮುಗೀತೇನು ತಂಗೀ?"

ಉತ್ತರಕ್ಕೆ ಅವರು ಕಾಯಲಿಲ್ಲ. ಮುಗಿದೇಬಿಟ್ಟಿದೆ ಎಂದು ತಿಳಿದುಕೊಂಡರು. ಗೂಟದಿಂದ ಟೋಪಿ ತಡವಿ ತೆಗೆದು ಹಾಕಿಕೊಂಡರು. ಗೋಡೆ ಹಿಡಿದು ನಿಧಾನಕ್ಕೆ ಬಂದರು. ನಾನು ಕುರ್ಚಿ ಬಿಟ್ಟು ಎದ್ದೆ. ಮಷಿನ್ ಆರಿಸಲು ಕೈ ಚಾಚಿದ್ದೆ ಕೂಡ, ಅಕ್ಕೋರು ಬೇಡ ಎಂದು ತಲೆಯಾಡಿಸಿದರು. ಸುಳ್ಳು ಹೇಳಿ ಹೇಳಿ ಅವರಿಗೂ ಸಾಕಾಗಿತ್ತು ಅಂತ ಕಾಣುತ್ತದೆ.

ಕಾಕಾ ಕೂತು, ಮೂಗು ತಾಗುವಷ್ಟು ಹತ್ತಿರಕ್ಕೆ ಮುಖ ತಂದರು. ಎಷ್ಟೋ ತಿಂಗಳಿಂದ ಕಾಯ್ದಿಟ್ಟ ನೋಟ. ಕೊಳವೆಯಲ್ಲಿ ಒಂದಿಷ್ಟೇ ಕಾಣುವುದರಿಂದ ತಲೆಯನ್ನು ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಮೆಲ್ಲಗೆ ಸರಿಸುತ್ತ, ಮೇಲಿಂದ ಕೆಳಗಿನವರೆಗೆ ಇಡೀ ಪರದೆ ನೋಡಿದರು. ಕಣ್ಣಿಂದ ನೀರು ಸುರಿಯತೊಡಗಿತು. ಒರೆಸಿಕೊಂಡು ಮತ್ತೆ ನೋಡಿದರು. ಗಿರಣಿ ಇರಬೇಕಾದ ಎಡಗಡೆ ಬಹಳ ಹೊತ್ತು ನೋಟ ನಿಲ್ಲಿಸಿದರು.

"ಬರೇ ನೀರ ಕಾಣಾಕತ್ತೈತಿ," ಅಂದರು. "ನನಗಷ್ಟ ಹಿಂಗೋ, ನಿಮಗೂ ಹಂಗ ಐತೋ?"

ಅಕ್ಕೋರು ಅವರ ಬೆನ್ನ ಮೇಲೆ ಕೈ ಇಟ್ಟರು. "ನಮಗೂ ಹಂಗ ಐತಿ ಅಣ್ಣಾ. ಬರೇ ನೀರ ಐತಿ. ಎಲ್ಲಾ ಹೋತು."

ಕಾಕಾ ಟೋಪಿ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು.

"ನೋಟಿಸು ಬಂದಿತ್ತೇನು?"

"ಇಲ್ಲಣ್ಣಾ."

"ಆವಾಗ ಬಂದಿತ್ತು," ಅಂದು, ಗೋಡೆ ಹಿಡಿದು ಮಂಚಕ್ಕೆ ಹೋದರು.